ತೊಳೆದಿಟ್ಟ ಪಾತ್ರೆಗಳ ಚಿತ್ರ: ನನ್ನ ಅನುಭವ

ಬೆಂಗಳೂರಿನ ಕಳೆದ ಚಿತ್ರಸಂತೆಯಲ್ಲಿ ನನ್ನ ಅಡುಗೆಮನೆಯ ಜಲವರ್ಣಗಳು ಮಧ್ಯಾಹ್ನದ ಹೊತ್ತಿಗೇ ಬಹುತೇಕ ಖಾಲಿಯಾದವು. ಹಂಪಿಯ ಕಲ್ಲಿನ ರಥ ಬಿಟ್ಟು ತಟ್ಟೆ ಲೋಟ ಬರೆದರೆ ಯಾರು ಕೊಳ್ಳುತ್ತಾರೆ ಎಂದಿದ್ದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ರಥವನ್ನು ನಾನೂ ವರ್ಷಗಟ್ಟಲೆ ಬರೆದವಳು. ಪ್ರಯಾಣ, ವಸತಿ, ಗಾಜು ಹಾಕಿದ ಫ್ರೇಮು ಎಲ್ಲ ಸೇರಿ ಚಿತ್ರವೊಂದಕ್ಕೆ 3,500 ರೂಪಾಯಿಯ ಹತ್ತಿರ ಬೀಳುತ್ತಿತ್ತು. ಸಂತೆ ನಡೆಯುವ ಕುಮಾರಕೃಪಾ ರಸ್ತೆಯುದ್ದಕ್ಕೂ ಅದೇ ರಥ ಇಟ್ಟುಕೊಂಡವರು ಕುಳಿತಿರುವಾಗ, ಚೌಕಾಸಿ 2,000ಕ್ಕೆ ಬಂದು ನಿಲ್ಲುತ್ತಿತ್ತು.

ಮನೆಯೊಳಗೆ ತಿರುಗಿದ ಮೇಲೂ ಮೊದಲಿಗೆ ಸೋಲೇ. ಹಿತ್ತಾಳೆ ಚೊಂಬು, ನಿಂಬೆಹಣ್ಣು, ಹಿಂದೆ ಇಳಕಲ್ ಸೀರೆ ಇಳಿಬಿಟ್ಟು ಜೋಡಿಸಿದೆ. ಅಚ್ಚುಕಟ್ಟಾದ, ಸತ್ತ ಚಿತ್ರಗಳು! ಒಳ್ಳೆಯ ಕಾಗದ ದಂಡವಾಯಿತು. ಆಮೇಲೆ ಒಂದೇ ನಿಯಮ ಹಾಕಿಕೊಂಡೆ: ಮನೆಯವರು ಇಟ್ಟದ್ದನ್ನು ನಾನು ಮುಟ್ಟುವಂತಿಲ್ಲ. ಇಟಲಿಯ ಬೊಲೋನ್ಯಾದ ಚಿತ್ರಕಾರ ಮೊರಾಂಡಿ ಬಾಟಲಿಗಳನ್ನೇ ದಶಕಗಟ್ಟಲೆ ಬರೆದರು, ಆದರೆ ಅವರು ಅಳೆದು ತೂಗಿ ಜೋಡಿಸುತ್ತಿದ್ದರು. ನನಗೆ ಜೋಡಿಸಿಕೊಡುವವರು ನಮ್ಮ ಅತ್ತೆ. ಊಟದ ನಂತರ ಅವರು ಪಾತ್ರೆ ಬುಟ್ಟಿಯಲ್ಲಿ ಬೋರಲು ಹಾಕಿದ ಇಡ್ಲಿ ತಟ್ಟೆ, ಕುಕ್ಕರಿನ ಮುಚ್ಚಳ, ಸೌಟುಗಳಲ್ಲಿ ದಿನಕ್ಕೊಂದು ವಿನ್ಯಾಸ ಸಿಗುತ್ತದೆ. ಮೂರು ಗಂಟೆಯ ಸುಮಾರಿಗೆ ಪಡುವಣ ಕಿಟಕಿಯ ಬಿಸಿಲು ಬುಟ್ಟಿಗೆ ತಾಗುತ್ತದೆ. ಅರ್ಧ ಗಂಟೆಯೊಳಗೆ ಮುಗಿಸಬೇಕು, ಕಾಫಿಗೆ ಲೋಟಗಳು ಹೊರಟುಬಿಡುತ್ತವೆ.

ಸ್ಟೀಲಿಗೆ ಬೂದು ಬಳಿದರೆ ಅದು ಅಲ್ಯೂಮಿನಿಯಂ ಆಗುತ್ತದೆ. ಲೋಟವನ್ನು ಹತ್ತಿರದಿಂದ ನೋಡಿ: ಪಕ್ಕದ ಸಿಲಿಂಡರಿನ ಕೆಂಪು ಅದರ ಮೈಮೇಲೆ ತೆಳ್ಳನೆಯ ಉದ್ದ ಗೆರೆಯಾಗಿರುತ್ತದೆ, ಅದಕ್ಕಂಟಿಕೊಂಡೇ ಕಿಟಕಿಯ ನೀಲಿ, ಅದರಾಚೆ ಕಡುಗಪ್ಪು. ಕಪ್ಪಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಕಂದು ಬೆರೆಸಿದರೆ ಸಾಕು. ಹೊಳಪಿಗೆ ಕಾಗದದ ಬಿಳಿಯನ್ನೇ ಉಳಿಸುತ್ತೇನೆ. ಆ ಅಂಚು ಚೂಪಾಗಿ ನಿಲ್ಲಲು ನಾನು ಬಳಸುವುದು ಬಣ್ಣ ತಾಗದಂತೆ ಕಾಗದಕ್ಕೆ ಹಚ್ಚುವ ಮಾಸ್ಕಿಂಗ್ ಫ್ಲೂಯಿಡ್ ಅಲ್ಲ, ಅಡುಗೆಮನೆಯಲ್ಲೇ ಸಿಗುವ ಒಂದು ವಸ್ತು. ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ನಡುವೆ ಅಡುಗೆಮನೆಯ ಬಣ್ಣಗಳನ್ನೂ ಪರೀಕ್ಷಿಸಿದೆ. ಅರಿಶಿನ ಕಾಗದದ ಮೇಲೆ ಬೆಳಗುತ್ತದೆ, ಆದರೆ ಕಿಟಕಿ ಪಕ್ಕ ತೂಗುಹಾಕಿದ್ದು ಕೆಲವೇ ವಾರಗಳಲ್ಲಿ ಪೇಲವವಾಯಿತು. ಬೀಟ್‌ರೂಟ್ ಕಂದಿಹೋಯಿತು. ಕಾಫಿ ಡಿಕಾಕ್ಷನ್ ಮಾತ್ರ ನೆರಳಿಗೆ ಹದವಾಗಿ ಕೂತಿತು. ಆದರೂ ಮಾರುವ ಚಿತ್ರಕ್ಕೆ ಅದನ್ನು ಹಾಕುವುದಿಲ್ಲ, ಕೊಂಡವರ ಗೋಡೆಯ ಮೇಲೆ ಬಣ್ಣ ಬಾಳಬೇಕು.

ಲೆಕ್ಕ ಹೀಗೆ: 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದದ ದೊಡ್ಡ ಹಾಳೆಯಲ್ಲಿ ಎಂಟು ತುಂಡು, ತುಂಡಿಗೆ 70 ರೂಪಾಯಿ ಆಸುಪಾಸು. ಫ್ರೇಮಿಲ್ಲ, ರಟ್ಟಿನ ಮೌಂಟ್ ಮಾತ್ರ. ಎಲ್ಲ ಸೇರಿ 200 ದಾಟುವುದಿಲ್ಲ. ಮಾರಿದ್ದು 1,200ಕ್ಕೆ. ನಾನು ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಇಡ್ಲಿ ತಟ್ಟೆಯ ಚಿತ್ರಕ್ಕೆ ಇಬ್ಬರು ಪಟ್ಟು ಹಿಡಿದರು. ಅಂಥ ಬಿಸಿಲು ನಮ್ಮ ಗಲ್ಲಿಯ ಯಾವ ಕಿಟಕಿಯಲ್ಲೂ ಬೀಳುತ್ತದೆ, ಅದನ್ನು ಹಿಡಿದವಳು ನಾನು.

ಈಗ ತಾರಸಿಯ ತಂತಿಯ ಮೇಲಿನ ಒದ್ದೆ ಸೀರೆಗಳನ್ನು ಬರೆಯುತ್ತಿದ್ದೇನೆ. ಹಳದಿ ಸೀರೆಯನ್ನು ಹಾದು ಬಂದ ಬೆಳಕು ಎದುರಿನ ಸುಣ್ಣದ ಗೋಡೆಗೆ ಬಿದ್ದಾಗಿನ ಬಣ್ಣ ಇನ್ನೂ ಕೈಗೆ ಹತ್ತಿಲ್ಲ, ಗಾಳಿಗೆ ಅದು ಅಲುಗುತ್ತಲೇ ಇರುತ್ತದೆ. ಹತ್ತಿದ ದಿನ ಬೆಲೆ 2,000.