ಕರಾವಳಿಯ ಡೆಸ್ಕ್‌ಟಾಪ್‌ಗೆ ಪವರ್ ಸಪ್ಲೈ: ನಾನು ಆರಿಸುವ ರೀತಿ

ಕಾರವಾರ, ಅಂಕೋಲಾ ಕಡೆಯವರಿಗೆ ಕಂಪ್ಯೂಟರ್ ಜೋಡಿಸುವಾಗ ನಾನು ಮೊದಲು ನೋಡುವುದು ಪವರ್ ಸಪ್ಲೈ (ಮೇನ್ಸ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಪೆಟ್ಟಿಗೆ) ಡಬ್ಬದ ಮೇಲಿನ '80 ಪ್ಲಸ್ ಗೋಲ್ಡ್' ಮುದ್ರೆಯನ್ನಲ್ಲ. ಆ ಮುದ್ರೆ ಕೊಡುವ ದಕ್ಷತೆಯ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನಲ್ಲಿ. ಕರೆಂಟು ಎಷ್ಟು ಪೋಲಾಗುತ್ತದೆ ಎಂದಷ್ಟೇ ಅದರಿಂದ ತಿಳಿಯುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂದಲ್ಲ. ಮೇ ತಿಂಗಳಲ್ಲಿ ನಮ್ಮ ಕೋಣೆಯೇ 33 ಡಿಗ್ರಿ ಇರುತ್ತದೆ, ಕ್ಯಾಬಿನೆಟ್ ಒಳಗೆ 40 ದಾಟುತ್ತದೆ. ಹಾಗಾಗಿ ಪೂರ್ತಿ ವಾಟೇಜನ್ನು ಎಷ್ಟು ಡಿಗ್ರಿಯವರೆಗೆ ಕೊಡುತ್ತೇವೆ ಎಂದು ಕಂಪನಿ ಬರೆದಿದೆಯೇ ಎಂದು ಹುಡುಕುತ್ತೇನೆ. 50 ಎಂದಿದ್ದರೆ ಒಳ್ಳೆಯದು, ಅರ್ಧ ಲೋಡಿನಲ್ಲಿ ಓಡಿಸುವುದಾದರೆ 40 ನಡೆಯುತ್ತದೆ, ಆ ಸಾಲೇ ಇಲ್ಲದ್ದನ್ನು ಮುಟ್ಟುವುದಿಲ್ಲ.

ಆಮೇಲೆ ಕೆಪಾಸಿಟರ್, ಅಂದರೆ ಒಳಗೆ ಚಾರ್ಜ್ ಹಿಡಿದಿಡುವ ಭಾಗ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಗ್ಗದ ಮಾದರಿಗಳಲ್ಲಿ 85 ಡಿಗ್ರಿವರೆಗೆ ತಾಳುವಂಥದು ಸಿಗುತ್ತದೆ, ನಮಗೆ ಬೇಕಾದದ್ದು ಎಲ್ಲ ಕಡೆಯೂ 105 ಡಿಗ್ರಿಯದು. ವಾರಂಟಿ 7ರಿಂದ 10 ವರ್ಷ ಇದ್ದರೆ ಒಳಗಿನ ಸಾಮಾನಿನ ಮೇಲೆ ಕಂಪನಿಗೇ ಭರವಸೆಯಿದೆ ಎಂದು ತಿಳಿಯಬಹುದು.

ವಾಟೇಜಿನ ಲೆಕ್ಕ ಸಲೀಸು. ರೈಜನ್ 5 7600 ಪ್ರೊಸೆಸರ್ ಗರಿಷ್ಠ 88 ವಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ 115 ವಾಟ್, ಉಳಿದದ್ದಕ್ಕೆ 60. ಒಟ್ಟು 263, ಇದಕ್ಕೆ 550 ವಾಟ್ ಧಾರಾಳ. ಅರ್ಧ ಲೋಡಿನಲ್ಲಿ ಬಿಸಿಯೂ ಕಡಿಮೆ, ಫ್ಯಾನಿನ ಸದ್ದೂ ಕಡಿಮೆ. ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ (ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದು ಇದೇ) ಆಂಪಿಯರನ್ನು 12ರಿಂದ ಗುಣಿಸಿ ನೋಡಿ: 45 ಆಂಪಿಯರ್ ಇದ್ದರೆ 540 ವಾಟ್, ಸರಿ. 30 ಮಾತ್ರ ಇದ್ದರೆ '550' ಬರೀ ಸ್ಟಿಕರ್.

ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಬೀಳುವುದು ಗೊತ್ತಿದ್ದದ್ದೇ. 100–240 ವೋಲ್ಟ್ ಫುಲ್ ರೇಂಜ್ ಇರುವುದನ್ನೇ ತರಿಸುತ್ತೇನೆ. 200–240 ಎಂದು ಬರೆದದ್ದು ಇಲ್ಲಿಗಲ್ಲ. ಮನೆಯ ಇನ್ವರ್ಟರ್ ಮೇನ್ಸಿನಂತೆಯೇ ನಯವಾದ ಅಲೆಯ ಕರೆಂಟು ಕೊಡುವ ಪ್ಯೂರ್ ಸೈನ್‌ವೇವ್ ಆಗಿರಲಿ, ಯುಪಿಎಸ್ ಮೋಡ್‌ನಲ್ಲಿರಲಿ. ನಾರ್ಮಲ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ತಡವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದುಂಟು. ಆದರೆ ಯುಪಿಎಸ್ ಮೋಡ್‌ನಲ್ಲಿ 180 ವೋಲ್ಟಿನ ಆಸುಪಾಸಿಗೇ ಅದು ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿ ಬೇಗ ಸವೆಯುತ್ತದೆ. ಎರಡೂ ಕೂಡಿ ಬರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಪವರ್ ಸಪ್ಲೈಗಿಂತ ದೊಡ್ಡ ವಿಷಯ ಅರ್ಥಿಂಗ್. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಗುಂಡಿ ಹೆಸರಿಗಷ್ಟೇ. ಬರಿಗೈಯಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತದೆಯೇ? ಮಲ್ಟಿಮೀಟರ್ ಎಸಿಗೆ ಇಟ್ಟು ಸಾಕೆಟ್ಟಿನ ನ್ಯೂಟ್ರಲ್–ಅರ್ಥ್ ನಡುವೆ ಅಳೆಯಿರಿ. 2–3 ವೋಲ್ಟ್ ಒಳಗಿರುವುದು ಸಾಮಾನ್ಯ, ಆದರೆ ಅಷ್ಟರಿಂದಲೇ ಅರ್ಥ್ ಸರಿಯಿದೆ ಎನ್ನಲಾಗದು. ಕ್ಯಾಬಿನೆಟ್ಟಿನ ಲೋಹ ಮತ್ತು ನ್ಯೂಟ್ರಲ್ ನಡುವೆ 110ರ ಸುಮಾರು ತೋರಿಸಿದರೆ ಅರ್ಥ್ ತಂತಿ ಎಲ್ಲೋ ಕಡಿದಿದೆ: ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳು ಮೇನ್ಸಿನ ಅರ್ಧವನ್ನು ಲೋಹಕ್ಕೆ ತಲುಪಿಸುತ್ತಿರುತ್ತವೆ. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಪ್ಲಗ್ ಹಾಕಬೇಡಿ. ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಇಂಟರ್ನೆಟ್ಟಿನ ಕೇಬಲನ್ನೂ.

ಸಮುದ್ರದ ಹತ್ತಿರ ಇನ್ನೊಂದು ಕಾಟ, ಕನೆಕ್ಟರ್ ಪಿನ್‌ಗಳಿಗೆ ಹಿಡಿಯುವ ಹಸಿರು ಕಿಲುಬು. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿಡುವುದಕ್ಕಿಂತ ದಿನಕ್ಕೊಂದು ಗಂಟೆ ಓಡಿಸಿದರೆ ಒಳಗೆ ತೇವ ನಿಲ್ಲುವುದಿಲ್ಲ. ಹಿಂಬದಿಯ ಖಾಲಿ ಸ್ಲಾಟ್‌ಗಳನ್ನು ಮುಚ್ಚಿ. ಹಲ್ಲಿ ಒಳಗೆ ಹೋಗಿ 300 ವೋಲ್ಟಿಗೂ ಮೀರಿದ ಭಾಗಕ್ಕೆ ಅಡ್ಡ ಬಿದ್ದರೆ ಫ್ಯೂಸ್ ಹಾರುತ್ತದೆ. ಅದನ್ನು ಬಿಚ್ಚಿ ನೋಡುವ ಸಾಹಸ ಬೇಡ, ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಮುಂದೆ ಬದಲಾಯಿಸುವ ದಿನ ಬಂದರೆ ಹಳೆಯ ಮಾಡ್ಯುಲರ್ (ಪವರ್ ಸಪ್ಲೈನಿಂದ ಕಳಚಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ಪ್ಲಗ್ ಸರಿಯಾಗಿ ಕೂತರೂ ಪಿನ್ನಿನ ಜೋಡಣೆ ಬೇರೆ ಇರಬಹುದು, ಹಾರ್ಡ್‌ಡಿಸ್ಕ್ ಸುಟ್ಟುಹೋಗುತ್ತದೆ.