ಮೂರೇ ವಾರ, ಎದುರಿಗೆ ರಸಾಯನಶಾಸ್ತ್ರ

ಪರೀಕ್ಷೆಗೆ ಇನ್ನು 21 ದಿನ ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಪುಸ್ತಕದ ಮೊದಲ ಅಧ್ಯಾಯ ತೆರೆದು ಕೂರುತ್ತಾರೆ. ಪರಮಾಣು ರಚನೆಗೆ ನಾಲ್ಕು ದಿನ, ರಾಸಾಯನಿಕ ಬಂಧಕ್ಕೆ ಇನ್ನು ನಾಲ್ಕು ದಿನ. ಸಾವಯವ ರಸಾಯನಶಾಸ್ತ್ರದ ಹೊಸ್ತಿಲಿಗೆ ಬರುವಷ್ಟರಲ್ಲಿ ಪರೀಕ್ಷೆಯೂ ಬಂದಿರುತ್ತದೆ. ಸಮಯ ಕಡಿಮೆ ಇದ್ದಾಗ ಓದು ಶುರುವಾಗಬೇಕಾದದ್ದು ಪ್ರಶ್ನೆಪತ್ರಿಕೆಯಿಂದ.

ಮೊದಲ ದಿನ

ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಬಿಡಿಸಿ. ಬಂದ ಅಂಕವನ್ನು ಯಾರಿಗೂ ಹೇಳಬೇಕಾಗಿಲ್ಲ. ಸಂಜೆ ಪ್ರತಿಯೊಂದು ತಪ್ಪಿನ ಪಕ್ಕದಲ್ಲೂ ಕಾರಣ ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಲೆಕ್ಕ ತಪ್ಪಿತೇ, ಪ್ರಶ್ನೆಯನ್ನೇ ಅರ್ಧ ಓದಿದಿರೇ? ಮೊದಲನೆಯದಕ್ಕೆ ಮಾತ್ರ ಪುಸ್ತಕ ಬೇಕು. ಉಳಿದೆರಡಕ್ಕೆ ಅಭ್ಯಾಸವೇ ಮದ್ದು.

ಮೊದಲ ವಾರ

ಮೋಲ್ ಲೆಕ್ಕ, ಅಂದರೆ ವಸ್ತುವನ್ನು ಅದರ ಕಣಗಳ ಎಣಿಕೆಯಲ್ಲಿ ಅಳೆಯುವ ಲೆಕ್ಕ, ಗಟ್ಟಿಯಾಗದೆ ಮುಂದೆ ಹೋಗಬೇಡಿ. ದ್ರಾವಣ, ಅನಿಲ, ಸಮತೋಲನ, ವಿದ್ಯುದ್ರಸಾಯನ ಎಲ್ಲವೂ ಅದರ ಮೇಲೆಯೇ ನಿಂತಿವೆ. ಒಂದು ಪ್ರಶ್ನೆ ನೋಡಿ: 4 ಗ್ರಾಂ ಹೈಡ್ರೋಜನ್ 16 ಗ್ರಾಂ ಆಕ್ಸಿಜನ್ ಜೊತೆ ವರ್ತಿಸಿದರೆ ಎಷ್ಟು ನೀರು ಸಿಗುತ್ತದೆ? ಅವಸರದವರು ಎರಡನ್ನೂ ಕೂಡಿ 20 ಗ್ರಾಂ ಎಂದು ಗುರುತು ಹಾಕುತ್ತಾರೆ. ಆಯ್ಕೆಗಳಲ್ಲಿ 20 ಇದ್ದೇ ಇರುತ್ತದೆ! ಮೋಲ್‌ಗೆ ಬದಲಾಯಿಸಿ ನೋಡಿ. ಒಂದು ಮೋಲ್ ಹೈಡ್ರೋಜನ್ ಅನಿಲ 2 ಗ್ರಾಂ, ಆಕ್ಸಿಜನ್ ಅನಿಲ 32 ಗ್ರಾಂ; ಹಾಗಾಗಿ ಇಲ್ಲಿ ಹೈಡ್ರೋಜನ್ 2 ಮೋಲ್, ಆಕ್ಸಿಜನ್ ಅರ್ಧ ಮೋಲ್. ಅರ್ಧ ಮೋಲ್ ಆಕ್ಸಿಜನ್‌ಗೆ ಒಂದೇ ಮೋಲ್ ಹೈಡ್ರೋಜನ್ ಸಾಕು. ಆದ್ದರಿಂದ ಆಕ್ಸಿಜನ್ ಮೊದಲು ಮುಗಿಯುತ್ತದೆ, ನೀರು 18 ಗ್ರಾಂ ಬರುತ್ತದೆ, 2 ಗ್ರಾಂ ಹೈಡ್ರೋಜನ್ ಹಾಗೆಯೇ ಉಳಿಯುತ್ತದೆ.

ಪಿಎಚ್ (ಆಮ್ಲೀಯತೆಯ ಅಳತೆ; 25 ಡಿಗ್ರಿಯಲ್ಲಿ 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ) ಪ್ರಶ್ನೆಗಳಲ್ಲೂ ಇಂಥದ್ದೇ ಬಲೆ. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಎಂದು ಬರೆದವರು, ಆಮ್ಲವೊಂದು ಪ್ರತ್ಯಾಮ್ಲವಾದದ್ದು ಹೇಗೆ ಎಂದು ತಮ್ಮನ್ನೇ ಕೇಳಿಕೊಳ್ಳಲಿಲ್ಲ. ಇಷ್ಟು ತೆಳುವಾದ ದ್ರಾವಣದಲ್ಲಿ ನೀರು ಕೊಡುವ ಹೈಡ್ರೋಜನ್ ಅಯಾನುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉತ್ತರ ಸುಮಾರು 6.98. ಕ್ಯಾಲ್ಕುಲೇಟರ್ ಬಿಡದ ಪರೀಕ್ಷೆಯಾದರೆ 2ರ ಲಾಗ್ 0.301, 3ರ ಲಾಗ್ 0.477 ಎಂಬುದು ಬಾಯಲ್ಲೇ ಇರಲಿ.

ಎರಡನೆಯ ವಾರ

ಸಾವಯವ ಕ್ರಿಯೆಗಳನ್ನು ಕಣ್ಣಿನಿಂದ ಓದಿ ಪ್ರಯೋಜನವಿಲ್ಲ, ಕೈಯಲ್ಲಿ ಬರೆಯಬೇಕು. ದೊಡ್ಡ ಹಾಳೆಯ ನಡುವೆ ಒಂದು ಸಂಯುಕ್ತ, ಅದರಿಂದ ಹೊರಡುವ ಬಾಣಗಳು, ಬಾಣದ ಮೇಲೆ ಕಾರಕ ಮತ್ತು ಪರಿಸ್ಥಿತಿ. ಈ ಪರಿಸ್ಥಿತಿಯನ್ನು ಬಿಟ್ಟು ಬರೆಯುವವರೇ ಎಡವುವುದು. 2-ಬ್ರೋಮೋಪ್ರೊಪೇನ್‌ಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಜಲದ್ರಾವಣ ಹಾಕಿದರೆ ಮುಖ್ಯವಾಗಿ ಆಲ್ಕೊಹಾಲ್ ಎಂದೂ, ಅದೇ ಕ್ಷಾರವನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿ ಹಾಕಿ ಕಾಯಿಸಿದರೆ ಪ್ರೊಪೀನ್ ಎಂದೂ ಉತ್ತರ ಬದಲಾಗುತ್ತದೆ.

ನಿರವಯವ ಭಾಗವನ್ನು ದಿನಕ್ಕೆ ಅರ್ಧ ಗಂಟೆಯಂತೆ ಹಂಚಿಕೊಳ್ಳಿ. ಕ್ರೋಮಿಯಂ, ತಾಮ್ರದಂಥ, ಎಲೆಕ್ಟ್ರಾನ್ ಜೋಡಣೆಯ ನಿಯಮ ಮೀರುವ ಧಾತುಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಪ್ರಶ್ನೆ ತೆಗೆಯುವವರಿಗೆ ಇವುಗಳ ಮೇಲೆ ವಿಶೇಷ ಪ್ರೀತಿ.

ಕೊನೆಯ ವಾರ

ದಿನ ಬಿಟ್ಟು ದಿನ ಒಂದು ಪೂರ್ಣ ಪತ್ರಿಕೆ, ನಡುವಿನ ದಿನ ಅದರ ತಪ್ಪುಗಳ ವಿಚಾರಣೆ. ಸಾಧ್ಯವಾದರೆ ನಿಜವಾದ ಪರೀಕ್ಷೆಯ ಹೊತ್ತಿಗೇ ಕುಳಿತುಕೊಳ್ಳಿ. ಅಂಕ ಕಡಿತದ ನಿಯಮವನ್ನು ಈಗಲೇ ಓದಿಕೊಳ್ಳಿ. ಕಡಿತವಿಲ್ಲದಿದ್ದರೆ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ ಎಂದಿದ್ದು, ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪೆಂದು ಗೊತ್ತಾದರೆ, ಉಳಿದೆರಡರಲ್ಲಿ ಊಹಿಸಿದರೂ ಸರಾಸರಿ ಒಂದೂವರೆ ಅಂಕ ಲಾಭವೇ.

ಹಿಂದಿನ ದಿನ ಹೊಸ ಅಧ್ಯಾಯದ ಕಡೆ ತಲೆ ಹಾಕಬೇಡಿ. ತಪ್ಪುಗಳ ಪಟ್ಟಿಯನ್ನು ಒಮ್ಮೆ ಓದಿ, ಪ್ರವೇಶಪತ್ರ ತೆಗೆದಿಟ್ಟು, ಬೇಗ ಮಲಗಿ.