ಐ-ಲೀಗ್ ದಾಖಲೆ ಬರೆಯುವುದು ಹೇಗೆ: ಎರಡನೇ ಹಂತದ ಲೆಕ್ಕ ತಪ್ಪದಂತೆ

ವಿಕಿಪೀಡಿಯಕ್ಕೋ, ಕ್ವಿಜ್‌ಗೋ, ಕ್ಲಬ್ಬಿನ ಸ್ಮರಣ ಸಂಚಿಕೆಗೋ ಭಾರತದ ಫುಟ್‌ಬಾಲ್ ಚರಿತ್ರೆ ಬರೆಯಲು ಕೂತವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ದೇಶದ ‘ಎರಡನೇ ಹಂತದ ಲೀಗ್’ ಅಂದರೆ ಯಾವುದು? 2000ದಲ್ಲಿ ಅದು ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ (ಎನ್‌ಎಫ್‌ಎಲ್) ಸೆಕೆಂಡ್ ಡಿವಿಷನ್. 2010ರಲ್ಲಿ ಐ-ಲೀಗ್ ಸೆಕೆಂಡ್ ಡಿವಿಷನ್. 2022-23ರಲ್ಲಿ ಐ-ಲೀಗೇ ಎರಡನೇ ಹಂತ. ಟೂರ್ನಿಯ ಹೆಸರು ನೋಡಿ ಹಂತ ಬರೆದರೆ ದಾಖಲೆ ಕೆಡುವುದು ಖಚಿತ. ಆದ್ದರಿಂದ ಹೆಸರಿಗೊಂದು ಕಾಲಂ, ಹಂತಕ್ಕೊಂದು ಕಾಲಂ ಬೇರೆ ಬೇರೆ ಇಟ್ಟುಕೊಂಡೇ ಕೆಲಸ ಶುರುಮಾಡಿ.

ಎಕ್ಸೆಲ್ ಹಾಳೆಯಲ್ಲಿ ಬೇಕಾದ ಕಾಲಂಗಳು ಇವು: ಸೀಸನ್, ಟೂರ್ನಿ, ಹಂತ, ಆ ಸೀಸನ್‌ನಲ್ಲಿ ಕ್ಲಬ್ಬಿಗಿದ್ದ ಹೆಸರು, ಆಡಿದ್ದು, ಗೆಲುವು, ಡ್ರಾ, ಸೋಲು, ಹೊಡೆದ ಗೋಲು, ಬಿಟ್ಟ ಗೋಲು, ಅಂಕ, ಸ್ಥಾನ, ಷರಾ. ಏನನ್ನೂ ತುಂಬುವ ಮೊದಲು ಸೀಸನ್ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಿಕೊಳ್ಳಿ. ಇಲ್ಲದಿದ್ದರೆ 2007-08 ಎಂದು ಟೈಪ್ ಮಾಡಿದ್ದನ್ನು ಎಕ್ಸೆಲ್ 2007ರ ಆಗಸ್ಟ್ ತಿಂಗಳು ಅಂದುಕೊಳ್ಳುತ್ತದೆ. 2011-12ರವರೆಗೂ ಇದೇ ಪಾಡು. ಹದಿಮೂರನೇ ತಿಂಗಳು ಇಲ್ಲದ್ದರಿಂದ 2012-13ರಿಂದ ಮುಂದಿನವು ಮಾತ್ರ ಇದ್ದ ಹಾಗೇ ಉಳಿಯುತ್ತವೆ. ಆಮೇಲೆ ವರ್ಷವಾರು ಜೋಡಿಸಲು ಹೋದರೆ ಸಾಲುಗಳೆಲ್ಲ ಚೆಲ್ಲಾಪಿಲ್ಲಿ. 3-2 ಎಂಬ ಸ್ಕೋರ್ ಕೂಡ ಹೀಗೇ ತಾರೀಖಾಗಿಬಿಡುತ್ತದೆ.

ಹಂತದ ಕಾಲಂ ತುಂಬಲು ಕಾಲಘಟ್ಟಗಳು ಗೊತ್ತಿರಬೇಕು. ಎನ್‌ಎಫ್‌ಎಲ್ ಶುರುವಾದದ್ದು 1996-97ರಲ್ಲಿ, ಮೊದಲ ಚಾಂಪಿಯನ್ ಪಂಜಾಬಿನ ಜೆಸಿಟಿ. ಸೆಕೆಂಡ್ ಡಿವಿಷನ್ ಬಂದದ್ದು ಮರುವರ್ಷ. 2006-07ಕ್ಕೆ ಎನ್‌ಎಫ್‌ಎಲ್ ಮುಗಿದು, 2007-08ರಲ್ಲಿ ಹತ್ತು ತಂಡಗಳ ಐ-ಲೀಗ್ ಆರಂಭವಾಯಿತು. ಅಲ್ಲಿಯವರೆಗೆ ಗೊಂದಲವಿಲ್ಲ: ಎನ್‌ಎಫ್‌ಎಲ್ ಮತ್ತು ಐ-ಲೀಗ್ ಹಂತ 1, ಅವುಗಳ ಸೆಕೆಂಡ್ ಡಿವಿಷನ್ ಹಂತ 2.

ತೊಡಕು ಶುರುವಾಗುವುದು ಇಂಡಿಯನ್ ಸೂಪರ್ ಲೀಗ್‌ನಿಂದ (ಐಎಸ್‌ಎಲ್). 2014ರಲ್ಲಿ ಅದು ಕೆಲವೇ ವಾರಗಳ ಫ್ರಾಂಚೈಸಿ ಟೂರ್ನಿ. ಅದನ್ನು ಹಂತಗಳ ಲೆಕ್ಕಕ್ಕೆ ಸೇರಿಸಬೇಡಿ. 2017-18ರಿಂದ ಅದೂ ಐ-ಲೀಗೂ ಒಂದೇ ಕಾಲಕ್ಕೆ ನಡೆದವು. 2019ರ ಅಕ್ಟೋಬರ್‌ನಲ್ಲಿ ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ ಒಪ್ಪಿದ ಮಾರ್ಗಸೂಚಿಯ ಪ್ರಕಾರ ಅಗ್ರಸ್ಥಾನ ಐಎಸ್‌ಎಲ್‌ಗೆ ಹೋಯಿತು. ಆದರೆ ಐ-ಲೀಗ್ ಗೆದ್ದವರು ಮೇಲಕ್ಕೆ ಹೋಗುವ ಬಾಗಿಲು ತೆರೆದದ್ದು 2022-23ರಲ್ಲಿ. ಆ ವರ್ಷ ಗೆದ್ದ ರೌಂಡ್‌ಗ್ಲಾಸ್ ಪಂಜಾಬ್ ಐಎಸ್‌ಎಲ್‌ಗೆ ಬಡ್ತಿ ಪಡೆದ ಮೊದಲ ತಂಡ. ನಂತರ 2023-24ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಹೋಯಿತು.

ಇಲ್ಲಿ ನಮ್ಮ ಸಲಹೆ ಸ್ಪಷ್ಟ. ಹಂತವನ್ನು ತೀರ್ಮಾನಿಸಬೇಕಾದದ್ದು ಬಡ್ತಿಯ ಬಾಗಿಲು, ಪ್ರಚಾರದ ಅಬ್ಬರವಲ್ಲ. ಐ-ಲೀಗ್‌ಗೆ 2016-17ರವರೆಗೆ ‘1’, 2022-23ರಿಂದ ‘2’ ಎಂದು ಹಾಕಿ. ನಡುವಿನ ಐದು ಸೀಸನ್‌ಗಳಿಗೆ ‘1, ಜಂಟಿ’ ಎಂದು ಬರೆದು, 2019ರ ತೀರ್ಮಾನವನ್ನು ಷರಾದಲ್ಲಿ ನಮೂದಿಸಿ. 2016-17ರಲ್ಲಿ ಐಜ್ವಾಲ್ 37 ಅಂಕ ಗಳಿಸಿ, 36 ಅಂಕದ ಮೋಹನ್ ಬಾಗಾನ್ ಅನ್ನು ಒಂದೇ ಅಂಕದಿಂದ ಹಿಂದಿಕ್ಕಿತ್ತು. ಆ ಸಾಧನೆಯನ್ನು ‘ಎರಡನೇ ಹಂತದ ಪ್ರಶಸ್ತಿ’ ಎಂದು ಬರೆಯುವುದು ಅದಕ್ಕೆ ಮಾಡುವ ದೊಡ್ಡ ಅನ್ಯಾಯ. ಬೆಂಗಳೂರು ಎಫ್‌ಸಿಯ 2013-14 ಮತ್ತು 2015-16ರ ಪ್ರಶಸ್ತಿಗಳಿಗೂ ಇದೇ ಮಾತು ಅನ್ವಯ.

ಅಂಕಪಟ್ಟಿ ನಕಲು ಮಾಡಿದ ಮೇಲೆ ತಾಳೆ ನೋಡಲೇಬೇಕು. ತಂಡಗಳೆಲ್ಲ ಪರಸ್ಪರ ಎರಡು ಸಲ ಆಡಿದ್ದರೆ ಒಟ್ಟು ಪಂದ್ಯಗಳು = ತಂಡಗಳ ಸಂಖ್ಯೆ × (ಅದಕ್ಕಿಂತ ಒಂದು ಕಡಿಮೆ). 10 ತಂಡಕ್ಕೆ 90, 12ಕ್ಕೆ 132, 13ಕ್ಕೆ 156. ಗೆಲುವಿನ ಕಾಲಂ ಮೊತ್ತ ಸೋಲಿನ ಮೊತ್ತಕ್ಕೆ ಸಮ ಇರಬೇಕು. ಹೊಡೆದ ಗೋಲು, ಬಿಟ್ಟ ಗೋಲು ಸಮ ಇರಬೇಕು. ಡ್ರಾ ಕಾಲಂ ಮೊತ್ತ ಸಮಸಂಖ್ಯೆಯೇ ಆಗಿರಬೇಕು, ಏಕೆಂದರೆ ಒಂದು ಡ್ರಾ ಎರಡು ತಂಡಗಳ ಲೆಕ್ಕದಲ್ಲೂ ಬರುತ್ತದೆ. ಕೊನೆಗೆ ಅಂಕಗಳ ಮೊತ್ತ (ಗೆಲುವಿಗೆ 3, ಡ್ರಾ ಆದರೆ ತಲಾ 1): ಪಂದ್ಯಗಳ ಮೂರು ಪಟ್ಟಿನಿಂದ ಡ್ರಾ ಆದ ಪಂದ್ಯಗಳನ್ನು ಕಳೆಯಿರಿ. 132 ಪಂದ್ಯಗಳಲ್ಲಿ 33 ಡ್ರಾ ಆಗಿದ್ದರೆ 396 − 33 = 363. ಒಂದಂಕ ಹೆಚ್ಚುಕಮ್ಮಿಯಾದರೂ ಬಿಡಬೇಡಿ, ಎಲ್ಲೋ ಒಂದು ಸಾಲು ತಪ್ಪಿದೆ.

ಕೆಲವು ಸೀಸನ್‌ಗಳಲ್ಲಿ ಮಾತ್ರ ಈ ಸೂತ್ರ ಹೊಂದುವುದಿಲ್ಲ. 2019-20ರಲ್ಲಿ ಕೋವಿಡ್‌ನಿಂದ ಲೀಗ್ ಅರ್ಧಕ್ಕೆ ನಿಂತಿತು. ಮೋಹನ್ ಬಾಗಾನ್ 16 ಪಂದ್ಯಗಳಿಗೇ 39 ಅಂಕದೊಂದಿಗೆ ಚಾಂಪಿಯನ್ ಆಯಿತು. 2020-21ರಲ್ಲಿ 11 ತಂಡಗಳು ಒಂದೊಂದೇ ಸಲ ಎದುರಾದವು (55 ಪಂದ್ಯ), ಆಮೇಲೆ ಮೇಲಿನ ಆರು ತಂಡಗಳು ತಮ್ಮೊಳಗೆ (15), ಕೆಳಗಿನ ಐದು ತಮ್ಮೊಳಗೆ (10) ಆಡಿದವು. ಒಟ್ಟು 80. ಮರುವರ್ಷ 13 ತಂಡ: 78, ಮೇಲಿನ ಏಳರಲ್ಲಿ 21, ಕೆಳಗಿನ ಆರರಲ್ಲಿ 15, ಒಟ್ಟು 114. ಎರಡೂ ವರ್ಷ ಗೆದ್ದದ್ದು ಗೋಕುಲಂ ಕೇರಳ. ಐ-ಲೀಗ್ ಪ್ರಶಸ್ತಿ ಉಳಿಸಿಕೊಂಡ ಮೊದಲ ತಂಡ ಅದೇ.

ಪಂದ್ಯಗಳ ಲೆಕ್ಕ ಸರಿಯಿದ್ದೂ ಅಂಕ ತಾಳೆಯಾಗದಿದ್ದರೆ ಶಿಸ್ತುಕ್ರಮ ಹುಡುಕಿ. 2012ರ ಡಿಸೆಂಬರ್ 9ರಂದು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ವಿರುದ್ಧ ದ್ವಿತೀಯಾರ್ಧ ಆಡಲು ಇಳಿಯಲಿಲ್ಲ. ಮೊದಲು ನಿಷೇಧ ಹೇರಲಾಯಿತು. ಮುಂದಿನ ತಿಂಗಳು ಅದನ್ನು ತೆಗೆದು, 2 ಕೋಟಿ ರೂಪಾಯಿ ದಂಡ ಹಾಕಿ, ಅದುವರೆಗಿನ ಅಂಕಗಳನ್ನೆಲ್ಲ ಕಳೆಯಲಾಯಿತು. ಇಂಥ ಸೀಸನ್‌ನಲ್ಲಿ ಗೆಲುವು-ಡ್ರಾ ಹಾಗೇ ಬರೆದು, ಕಳೆದ ಅಂಕವನ್ನು ಷರಾದಲ್ಲಿ ಹಾಕಬೇಕು. ಮೊತ್ತ ಕೂಡಿಬರಲೆಂದು ಗೆಲುವುಗಳನ್ನು ತಿದ್ದಬೇಡಿ.

ತೀರ ಎಚ್ಚರ ಬೇಕಾದದ್ದು 2024-25ಕ್ಕೆ. 2025ರ ಏಪ್ರಿಲ್‌ನಲ್ಲಿ ಕೊನೆಯ ಸುತ್ತು ಮುಗಿದಾಗ ಚರ್ಚಿಲ್ ಬ್ರದರ್ಸ್ 40, ಇಂಟರ್ ಕಾಶಿ 39. ಜನವರಿ 13ರಂದು ಇಂಟರ್ ಕಾಶಿ ವಿರುದ್ಧ ಗೆದ್ದಿದ್ದ ನಾಮ್‌ಧಾರಿ ತಂಡ ಅನರ್ಹ ಆಟಗಾರನನ್ನು ಇಳಿಸಿತ್ತೆಂಬ ತಕರಾರು ಆಗಿನ್ನೂ ಬಗೆಹರಿದಿರಲಿಲ್ಲ. ಭಾರತದಲ್ಲಿ ಪ್ರಶಸ್ತಿಯನ್ನು ಚರ್ಚಿಲ್‌ಗೆ ಘೋಷಿಸಿದ್ದೂ ಆಯಿತು. ಆದರೆ ಪ್ರಕರಣ ಸ್ವಿಟ್ಜರ್ಲೆಂಡಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಗಿ, ಜುಲೈ 18ರಂದು ಇಂಟರ್ ಕಾಶಿಯೇ ಚಾಂಪಿಯನ್ ಎಂದು ತೀರ್ಪು ಬಂತು. ಮೂರು ಅಂಕ ಸೇರಿ ಅದರ ಮೊತ್ತ 42. ಏಪ್ರಿಲ್-ಮೇ ತಿಂಗಳ ಪತ್ರಿಕೆ ನೋಡಿ ಬರೆದವರ ಪಟ್ಟಿಯಲ್ಲಿ ಈಗಲೂ ಚರ್ಚಿಲ್ ಮೇಲಿರುತ್ತದೆ. ಯಾವ ಪಟ್ಟಿ ತೆಗೆದುಕೊಂಡರೂ ಅದು ಯಾವ ತಾರೀಖಿನದ್ದು ಎಂದು ಬರೆದಿಟ್ಟುಕೊಳ್ಳಿ.

‘ತವರಿನ ಪಂದ್ಯ’ ಎಂಬುದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಂಟರ್ ಕಾಶಿ ವಾರಾಣಸಿಯ ಕ್ಲಬ್, ಆದರೆ ತವರಿನ ಪಂದ್ಯಗಳನ್ನು ಆಡಿದ್ದು ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ. ಮಣಿಪುರದ ಹಿಂಸಾಚಾರದಿಂದಾಗಿ 2023-24ರಲ್ಲಿ ಟ್ರಾವು ಮತ್ತು ನೆರೋಕಾ ಕೂಡ ಇಂಫಾಲ ಬಿಟ್ಟು ಹೊರಗೆ ಆಡಿದವು. ಆ ಸಲ ಹಿಂಬಡ್ತಿಗೆ ಒಳಗಾದದ್ದೂ ಅವೆರಡೇ. ಇದನ್ನು ಷರಾದಲ್ಲಿ ಹಾಕದಿದ್ದರೆ ಓದುವವರಿಗೆ ಅವುಗಳ ಸೋಲಿನ ಹಿನ್ನೆಲೆ ತಿಳಿಯುವುದೇ ಇಲ್ಲ.

ಹೆಸರು ಬದಲಾದರೂ ಕ್ಲಬ್ ಅದೇ ಇರಬಹುದು. 2017-18ರ ಚಾಂಪಿಯನ್ ಮಿನರ್ವ ಪಂಜಾಬ್, ಮುಂದೆ ಪಂಜಾಬ್ ಎಫ್‌ಸಿ, ಆಮೇಲೆ ರೌಂಡ್‌ಗ್ಲಾಸ್ ಪಂಜಾಬ್, 2023ರಲ್ಲಿ ಮತ್ತೆ ಪಂಜಾಬ್ ಎಫ್‌ಸಿ. ಆಯಾ ಸಾಲಿನಲ್ಲಿ ಆಗಿನ ಹೆಸರನ್ನೇ ಬರೆದು, ಎಲ್ಲ ಸಾಲಿಗೂ ಒಂದೇ ಗುರುತಿನ ಸಂಖ್ಯೆ ಕೊಡಿ. ನಮ್ಮೂರಿನ ವಿಷಯದಲ್ಲಿ ಆಗುವುದು ಇದರ ತಿರುವುಮುರುವು. ಬೆಂಗಳೂರು ಎಫ್‌ಸಿ, ಎಫ್‌ಸಿ ಬೆಂಗಳೂರು ಯುನೈಟೆಡ್, ಎಸ್‌ಸಿ ಬೆಂಗಳೂರು ಮೂರೂ ಬೇರೆ ಬೇರೆ ಕ್ಲಬ್‌ಗಳು. ಮೂರಕ್ಕೂ ಬೇರೆ ಸಂಖ್ಯೆ ಬೇಕು.

ಸೆಕೆಂಡ್ ಡಿವಿಷನ್ 2023ರಲ್ಲಿ ‘ಐ-ಲೀಗ್ 2’ ಆಯಿತು, ಅದರ ಕೆಳಗೆ ಐ-ಲೀಗ್ 3 ಹುಟ್ಟಿತು. ಹೆಸರಿನಲ್ಲಿ 2 ಇದ್ದರೂ ಐ-ಲೀಗ್ 2 ಮೂರನೇ ಹಂತ. ಎಚ್‌ಎಎಲ್ 2010ರಲ್ಲಿ ಸೆಕೆಂಡ್ ಡಿವಿಷನ್‌ನಿಂದ ಬಡ್ತಿ ಪಡೆದಾಗ ಏರಿದ್ದು ಎರಡರಿಂದ ಒಂದಕ್ಕೆ. ಎಸ್‌ಸಿ ಬೆಂಗಳೂರು ಏರಿದ್ದು ಮೂರರಿಂದ ಎರಡಕ್ಕೆ. ಅದರ ಸಾಲುಗಳು ಹೀಗಿರಬೇಕು: 2023-24, ಐ-ಲೀಗ್ 2, ಹಂತ 3, ಚಾಂಪಿಯನ್, ಬಡ್ತಿ. 2024-25, ಐ-ಲೀಗ್, ಹಂತ 2, ಹಿಂಬಡ್ತಿ.